ನಾಲ್ಕು ದಿನದ ಪುಸ್ತಕ

ಸೀಸೆರು ತಾತನಿಗೆ ಹೊಗೆಸೊಪ್ಪು ಸುತ್ತಲು ತೆಳುವಾದ ಕಾಗದ ಬೇಕಿತ್ತು. ಕೈಗೆ ಸಿಕ್ಕಿದ್ದು ಅದಲೀಸಿಯೊ ಓದುತ್ತಿದ್ದ ಕಾದಂಬರಿಯ ಕೊನೆಯ ಎರಡು ಹಾಳೆ. ಬೇರೆ ದಿನವಾಗಿದ್ದರೆ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ಅಂದು ಜೂನ್ ಹತ್ತೊಂಬತ್ತು. ಮಧ್ಯಾಹ್ನದೊಳಗೆ ಆ ಕಾದಂಬರಿಯ ಬಗ್ಗೆ ಎರಡು ಪುಟ ಬರೆದು ಕೊಡದಿದ್ದರೆ ಅದಲೀಸಿಯೊ ಹಬ್ಬಕ್ಕೆ ಮನೆ ಸೇರುವಂತಿರಲಿಲ್ಲ.

ಬ್ರೆಜಿಲಿನ ಜೈಲುಗಳಲ್ಲಿ ಹೀಗೊಂದು ಕಾನೂನಿದೆ. ಒಂದು ಪುಸ್ತಕ ಓದಿ, ಓದಿದ್ದನ್ನು ಬರೆದು ತೋರಿಸಿದರೆ ಶಿಕ್ಷೆಯಲ್ಲಿ ನಾಲ್ಕು ದಿನ ಕಡಿತ. ಅದಲೀಸಿಯೊನ ಬಿಡುಗಡೆ ಇದ್ದದ್ದು ಇಪ್ಪತ್ತಾರಕ್ಕೆ. ಸಾಂವ್ ಜುವಾಂವ್ ಎಂಬ ಸಂತನ ಹಬ್ಬಕ್ಕೆ ಮನೆ ಮನೆ ಮುಂದೆ ಬೆಂಕಿ ಹೊತ್ತಿಸುವುದು ಇಪ್ಪತ್ತಮೂರರ ಸಂಜೆ. ನಾಲ್ಕು ದಿನ ಕಳೆದರೆ ಇಪ್ಪತ್ತೆರಡು. ಬೆರಳು ಮಡಚಿ ಮಡಚಿ ಈ ಲೆಕ್ಕವನ್ನು ಅವನು ಎಷ್ಟು ಸಲ ಹಾಕಿದ್ದನೆಂದರೆ ಕೋಣೆಯವರಿಗೆಲ್ಲ ಬಾಯಿಪಾಠವಾಗಿತ್ತು.

ಅವನು ಊರೂರು ತಿರುಗಿ ಅಕಾರ್ಡಿಯನ್ ರಿಪೇರಿ ಮಾಡುತ್ತಿದ್ದವನು. ಕದ್ದ ಮಾಲೆಂದು ತಿಳಿಯದೆ ಒಂದು ಮೋಟಾರ್‌ಸೈಕಲ್ ಕೊಂಡ ತಪ್ಪಿಗೆ ಒಳಗೆ ಬಂದು ಎರಡು ಹಬ್ಬ ಕಳೆದಿದ್ದವು. ಆ ಎರಡು ವರ್ಷವೂ ಬೀದಿಯ ಎಲ್ಲ ಮನೆಗಳ ಮುಂದೆ ಬೆಂಕಿ ಉರಿದರೆ, ಅವನ ಮನೆ ಮುಂದೆ ಮಾತ್ರ ಕತ್ತಲೆ. "ನೀನು ಬಂದು ಹಚ್ಚೋ ತನಕ ನಾನು ಹಚ್ಚಲ್ಲ" ಎಂದು ಹೆಂಡತಿ ಲಿಂಡಾಲ್ವ ಹಟ ಹಿಡಿದಿದ್ದಳು. ಆ ಕತ್ತಲೆ ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

"ತಾತಾ, ನನ್ನ ಪುಸ್ತಕದ ಕೊನೆ ಎಲ್ಲಿ?"

ತಾತ ಮೂಗಿನಿಂದ ಹೊಗೆ ಬಿಟ್ಟು ತೋರಿಸಿದ. "ಇಲ್ಲೇ ಇತ್ತಪ್ಪ, ಈಗ ತಾನೇ ಮುಗೀತು."

ಎಂಟು ಜನರಿಗೆಂದು ಕಟ್ಟಿದ ಕೋಣೆಯಲ್ಲಿ ಇಪ್ಪತ್ತಾರು ಜನ. ಅಲ್ಲಿ ಒಬ್ಬನ ಕಷ್ಟ ಒಬ್ಬನದಾಗಿ ಉಳಿಯುವುದಿಲ್ಲ. ಅದಲೀಸಿಯೊ ತಲೆ ಮೇಲೆ ಕೈ ಹೊತ್ತು ಕೂತದ್ದೇ ತಡ, ಕಾಲು ಮಡಚಿ ಮಲಗಿದವರೆಲ್ಲ ಎದ್ದು ಸುತ್ತ ನೆರೆದರು.

"ಎಲ್ಲೀ ತನಕ ಓದಿದೀಯ, ಅದನ್ನ ಹೇಳು" ಎಂದ ವಾಂಡೈಲ್ಸನ್. ಸ್ವಂತ ಕೇಸನ್ನು ತಾನೇ ವಾದಿಸಿ ಎರಡು ವರ್ಷದ ಶಿಕ್ಷೆಯನ್ನು ನಾಲ್ಕು ಮಾಡಿಸಿಕೊಂಡಿದ್ದ ಅವನನ್ನು ಎಲ್ಲರೂ 'ವಕೀಲ'ನೆಂದೇ ಕರೆಯುತ್ತಿದ್ದರು.

"ಒಬ್ಬ ದನಗಾಹಿ ಕೂಲಿಗೆ ಅಂತ ದಕ್ಷಿಣಕ್ಕೆ ಹೋಗಿರ್ತಾನೆ. ಹನ್ನೊಂದು ವರ್ಷ ಆದ್ಮೇಲೆ ನಡ್ಕೊಂಡೇ ವಾಪಸ್ ಬರ್ತಾನೆ. ನದಿ ದಡಕ್ಕೆ ಬಂದು ನಿಂತಿದಾನೆ. ಆಚೆ ದಡದಲ್ಲಿ ಅವನ ಮನೆ, ಒಲೆ ಹೊಗೆ ಕಾಣ್ತಾ ಇದೆ. ದೋಣಿ ಇನ್ನೂ ಬಂದಿಲ್ಲ. ಅಷ್ಟೊತ್ತಿಗೆ ಈ ತಾತ ಹಾಳೆ ಹರ್ಕೊಂಡ."

"ಅವನು ಅಲ್ಲೇ ಮೊಣಕಾಲೂರಿ ಪಾಪ ಒಪ್ಕೊಂಡ ಅಂತ ಬರಿ ತಮ್ಮಾ" ಎಂದರು ಪಾಸ್ಟರ್ ಇಜ್ರಾಯೆಲ್. ಅವರು ಪಾಸ್ಟರ್ ಆದದ್ದು ಜೈಲಿಗೆ ಬಂದ ಮೇಲೆ.

"ಪಾಪ ಒಪ್ಕೊಂಡ್ರೆ ಕೇಸು ಬೀಳತ್ತೆ" ಎಂದ ವಕೀಲ. "ಮನೆ ಮೇಲೆ ಹಕ್ಕು ಹೋಗಿರತ್ತೆ, ದಾವಾ ಹಾಕಿದ ಅಂತ ಬರಿ."

"ಹನ್ನೊಂದು ವರ್ಷ ಅಂತೀಯ! ಅವಳು ದೋಣಿ ನಡೆಸೋನನ್ನೇ ಕಟ್ಕೊಂಡಿರ್ತಾಳೆ ಕಣೋ. ಅದಕ್ಕೇ ದೋಣಿ ಬಂದಿಲ್ಲ" ಎಂದ ತಾತ.

ಕೋಣೆ ಮೂರು ಪಕ್ಷವಾಯಿತು. ಪಾಪದವರು, ದಾವೆಯವರು, ದೋಣಿಯವರು. ಕೂಗಾಟಕ್ಕೆ ಕಾವಲಿನವನು ಸರಳು ಬಡಿದ. ಯಾರದೋ ಕಾಫಿ ಅದಲೀಸಿಯೊನ ಬಿಳಿ ಹಾಳೆಯ ಮೇಲೆ ಚೆಲ್ಲಿತು. ಒಣಗಿಸಲು ಹಿಡಿದ ಪಾಸ್ಟರು ಅದನ್ನು ಸರಿಯಾಗಿ ಎರಡು ತುಂಡು ಮಾಡಿ ಕೊಟ್ಟರು. ಕೊನೆಗೆ ಅದಲೀಸಿಯೊ ಹೊಸ ಹಾಳೆ ಬೇಡಿ ತಂದು, ಎರಡೂ ಕಿವಿಗೆ ಬ್ರೆಡ್ಡಿನ ಉಂಡೆ ತುರುಕಿಕೊಂಡು, ಮೇಲೆ ಅಡ್ಡಲಾಗಿ ಕಟ್ಟಿದ್ದ ತನ್ನ ಬಟ್ಟೆಯ ಜೋಲಿ ಹತ್ತಿ ಗೋಡೆಯ ಕಡೆ ತಿರುಗಿದ.

ಬರೆಯುತ್ತಾ ಹೋದಂತೆ ದನಗಾಹಿ ಯಾರು ತಾನು ಯಾರು ಎಂಬುದು ಅವನಿಗೆ ಮರೆಯಿತು. ದೋಣಿ ಬಂತು. ಬಾಗಿಲು ತೆರೆದವಳು ಅಳಲಿಲ್ಲ, ಮೊದಲು ಅವನ ಸವೆದ ಚಪ್ಪಲಿ ನೋಡಿದಳು. "ಕಾಫಿ ಆರಿಹೋಗತ್ತೆ, ಕೂತ್ಕೊ" ಎಂದಳು. ಮನೆ ಮುಂದೆ ಒಟ್ಟಿದ ಸೌದೆ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಬೆಂಕಿಪೊಟ್ಟಣವನ್ನು ಅವಳು ಲಂಗದ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅಷ್ಟು ಬರೆದು ಅದಲೀಸಿಯೊ ಕಣ್ಣೊರೆಸಿಕೊಂಡು ಸಹಿ ಹಾಕಿದ.

ಜೈಲುಗಳು ತುಂಬಿ ತುಳುಕುತ್ತಿವೆ ಎಂದು ಪತ್ರಿಕೆಗಳು ಬೊಬ್ಬೆ ಹೊಡೆದದ್ದರಿಂದ ಅಂದು ಸುಧಾರಣೆಯ ತಂಡವೊಂದು ಬಂದು ಅಂಗಳದಲ್ಲಿ ಮೇಜು ಹಾಕಿ ಕೂತಿತ್ತು. ಬರೆದದ್ದನ್ನು ಅಲ್ಲೇ ಓದಿ, ಅಲ್ಲೇ ತೀರ್ಮಾನ. ಓದುವವರು ಜೈಲಿನ ಶಾಲೆಯ ಟೀಚರ್ ಮರ್ಲೂಸಿ. ಅವರು ಎರಡೂ ಪುಟ ಓದಿ ಕನ್ನಡಕ ತೆಗೆದರು.

"ಅದಲೀಸಿಯೊ, ಈ ಕೊನೆ ಪುಸ್ತಕದಲ್ಲಿ ಇಲ್ಲವಲ್ಲ."

"ಮೇಡಂ, ಕೊನೇ ಎರಡು ಹಾಳೆ... ಹೊಗೆಯಾಗಿ ಹೋಯ್ತು."

"ಆ ಹಾಳೆಗಳಲ್ಲಿ ಇದ್ದದ್ದು ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ. ಕತೆ ನದೀ ದಡದಲ್ಲೇ ಮುಗಿಯುತ್ತೆ. ದೋಣಿ ಬರೋದೇ ಇಲ್ಲ."

"ಬರೋದೇ ಇಲ್ವಾ? ಅಷ್ಟು ದೂರ ನಡೆಸ್ಕೊಂಡು ಬಂದು? ಇದೆಂಥಾ ಅನ್ಯಾಯ ಮೇಡಂ!"

ಟೀಚರ್ ಮತ್ತೆ ಕನ್ನಡಕ ಹಾಕಿಕೊಂಡರು. "ಪುಸ್ತಕ ಓದಿದವರಿಗೆ ಮಾತ್ರ ಇಷ್ಟು ಸಿಟ್ಟು ಬರುತ್ತೆ" ಎಂದು ಹೇಳಿ 'ಒಪ್ಪಿದೆ' ಎಂಬ ಮುದ್ರೆ ಒತ್ತಿದರು. ಪುಸ್ತಕವನ್ನೂ ಅವನಿಗೇ ಉಡುಗೊರೆಯಾಗಿ ಕೊಟ್ಟರು.

ಕೋಣೆಯಲ್ಲಿ ಹಬ್ಬ ನಾಲ್ಕು ದಿನ ಮೊದಲೇ ಬಂತು. ತಟ್ಟೆ ಬಡಿದು ಕುಣಿದರು. ಜೈಲಿನಿಂದ ಏನನ್ನಾದರೂ ಹೊತ್ತುಕೊಂಡು ಹೋದವನು ಮತ್ತೆ ಒಳಗೆ ಬರುತ್ತಾನೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಅದಲೀಸಿಯೊ ಎರಡು ವರ್ಷ ಕಾದು ಸಂಪಾದಿಸಿದ ಜೋಲಿಯನ್ನು ತಾತನಿಗೆ ಕೊಟ್ಟ. ಚಪ್ಪಲಿ ವಕೀಲನಿಗೆ, ಹೊದಿಕೆ ಪಾಸ್ಟರಿಗೆ. ಅಂದು ಭೇಟಿಗೆ ಬಂದಿದ್ದ ವಕೀಲನ ತಂಗಿಯ ಕೈಯಲ್ಲಿ ಮನೆಗೆ ಸುದ್ದಿ ಕಳಿಸಿದ.

"ಲಿಂಡಾಲ್ವಂಗೆ ಹೇಳವ್ವ, ಸೌದೆ ಒಟ್ಟಿಡು ಅಂತ. ಇಪ್ಪತ್ತೆರಡಕ್ಕೆ ಬರ್ತೀನಿ. ಬೆಂಕಿ ನಾನೇ ಹಚ್ತೀನಿ ಅಂತ."

"ಹೇಳ್ತೀನಣ್ಣ, ಈಗ್ಲೇ ಬಸ್ಸು ಹಿಡೀತೀನಿ" ಎಂದು ಅವಳು ಓಡಿದಳು.

ಸಂಜೆ ಗುಮಾಸ್ತ ಎರಿವಾಲ್ದೊ ಕಡತ ಕಂಕುಳಲ್ಲಿ ಇಟ್ಟುಕೊಂಡು ಬಂದ. "ಶುಭಾಶಯ ಕಣಪ್ಪ. ನಾಲ್ಕು ದಿನ ಕಡಿತ ಆಗಿದೆ. ಇಲ್ಲೊಂದು ಸಹಿ ಹಾಕು."

ಅದಲೀಸಿಯೊ ಸಂತೋಷದಲ್ಲಿ ಓದದೆಯೇ ಸಹಿ ಹಾಕಿದ.

"ಈಗ ನಿನ್ನ ಹಳೇ ಬಿಡುಗಡೆ ಆದೇಶ ರದ್ದಾಯ್ತು" ಎಂದ ಗುಮಾಸ್ತ. "ಅದರಲ್ಲಿ ಇಪ್ಪತ್ತಾರು ಅಂತ ಇತ್ತು, ಈಗ ಆ ತಾರೀಕು ತಪ್ಪಲ್ವಾ? ಹೊಸ ಲೆಕ್ಕಕ್ಕೆ ರಾಜಧಾನಿಯ ನ್ಯಾಯಾಧೀಶರೇ ಸಹಿ ಹಾಕಬೇಕು."

"ಹಾಕ್ಲಿ ಸಾರ್. ನಾಳೆ ಹಾಕ್ತಾರಾ?"

"ನಾಳೆಯಿಂದ ಕೋರ್ಟಿಗೆ ಸಾಂವ್ ಜುವಾಂವ್ ರಜೆ. ಜುಲೈ ಒಂದಕ್ಕೆ ಬಾಗಿಲು ತೆಗೀತಾರೆ."

ಕೋಣೆಯಲ್ಲಿ ತಟ್ಟೆ ಬಡಿಯುತ್ತಿದ್ದವನ ಕೈ ಮೇಲೇ ನಿಂತಿತು.

"ಹಂಗಾದ್ರೆ ನನಗೆ ಈ ನಾಲ್ಕು ದಿನ ಬೇಡ ಸಾರ್! ವಾಪಸ್ ತಗೊಳ್ಳಿ. ಇಪ್ಪತ್ತಾರಕ್ಕೇ ಕಳಿಸಿ. ಬೆಂಕಿ ಹೋದ್ರೆ ಹೋಯ್ತು, ಬೂದಿಯಾದ್ರೂ ನೋಡ್ತೀನಿ!"

"ವಾಪಸ್ ಕೊಡೋಕೂ ಅರ್ಜಿ ಹಾಕ್ಬೇಕು. ಅದಕ್ಕೂ ನ್ಯಾಯಾಧೀಶರೇ ಸಹಿ ಹಾಕ್ಬೇಕು" ಎಂದ ಗುಮಾಸ್ತ. ಅವನು ಕೆಟ್ಟವನಲ್ಲ, ಅವನಿಗೂ ಬೇಜಾರಾಗಿತ್ತು. "ಬೇಕಿದ್ರೆ ಅಷ್ಟರಲ್ಲಿ ಇನ್ನೊಂದು ಪುಸ್ತಕ ಓದು. ಇನ್ನೂ ನಾಲ್ಕು ದಿನ ಸಿಗುತ್ತೆ."

ಅದಲೀಸಿಯೊ ಗೇಟಿನ ಕಡೆ ನೋಡಿದ. ವಕೀಲನ ತಂಗಿ ಹೋಗಿ ಎಷ್ಟೋ ಹೊತ್ತಾಗಿತ್ತು. ಇಷ್ಟರಲ್ಲಿ ಲಿಂಡಾಲ್ವ ಹಿತ್ತಿಲಿನಿಂದ ಒಂದೊಂದೇ ಸೌದೆ ಎತ್ತಿ ತರುತ್ತಿರಬಹುದು. ಅವಳ ಕೈಯಿಂದ ಆ ಸೌದೆ ಕಸಿದುಕೊಳ್ಳಲು ಇನ್ನೊಬ್ಬರನ್ನು ಕಳಿಸುವುದು ಹೇಗೆಂದು ಅವನಿಗೆ ತೋಚಲಿಲ್ಲ. ಬಿಡುಗಡೆಗಿಂತ ಹೆಚ್ಚಾಗಿ, ಈ ಕ್ಷಣ ಅವಳ ಪಕ್ಕ ನಿಂತು ಬೇಡ ಕಣೆ ಎನ್ನಬೇಕೆಂದು ಅವನಿಗೆ ಆಸೆಯಾಯಿತು.

ವಕೀಲ ಚಪ್ಪಲಿ ತೆಗೆದು ಅವನ ಮುಂದೆ ಇಟ್ಟ. ಪಾಸ್ಟರು ಹೊದಿಕೆ ಮಡಚಿ ತಂದರು. ತಾತ ಮಾತ್ರ ಜೋಲಿಯಲ್ಲಿ ಹಾಯಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಎಪ್ಪತ್ತೊಂದು ವರ್ಷದ ಬೆನ್ನು ಒಂದು ವರ್ಷದ ನಂತರ ನೆಲ ಬಿಟ್ಟು ಮೇಲೆದ್ದಿತ್ತು. ಎಬ್ಬಿಸಲು ಅದಲೀಸಿಯೊನಿಗೆ ಮನಸ್ಸಾಗಲಿಲ್ಲ. ಅವನು ಜೋಲಿಯ ಕೆಳಗೆ, ನೆಲದ ಮೇಲೆ ಕೂತು ಪುಸ್ತಕ ತೆರೆದ.

ಸ್ವಲ್ಪ ಹೊತ್ತಿಗೆ ಗೊರಕೆ ನಿಂತು, ಮೇಲಿನಿಂದ ತಾತನ ಮುಖ ಇಣುಕಿತು. "ಏನಪ್ಪಾ, ಅವನ ದೋಣಿ ಬಂತಾ?"

"ಇಲ್ಲ ತಾತಾ, ಕಾಯ್ತಾ ಇದಾನೆ" ಎಂದ ಅದಲೀಸಿಯೊ. "ನಿನ್ನ ಕಾಲು ಒಂಚೂರು ಆ ಕಡೆ ತಗೋ. ಬೆಳಕಿಗೆ ಅಡ್ಡ ಬರ್ತಿದೆ, ಅವನ ಮನೆ ಹೊಗೆ ಕಾಣ್ತಿಲ್ಲ."