ಮೂವತ್ತಕ್ಕೆ ಮೂವತ್ತು

ಮಗು ಹುಟ್ಟಿದ ದಿನವೇ ನಾನು ಘೋರ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟೆ. "ಈ ಭೂಮಂಡಲದಲ್ಲಿ ಯಾವ ಬಾಣಂತಿಗೂ ಸಿಗದ ಆರೈಕೆ ನನ್ನ ಹೆಂಡತಿಗೆ ಸಿಗಬೇಕು! ಕೊಡುವವನು ನಾನು!" ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ. ಕೇಳಿಸಿಕೊಂಡದ್ದು ನಮ್ಮ ಅತ್ತೆ ಒಬ್ಬರೇ. "ಅದೆಲ್ಲ ಆಮೇಲೆ ಅಳಿಯಂದ್ರೇ, ಮೊದಲು ಮಗೂನ ಸರಿಯಾಗಿ ಹಿಡ್ಕೊಳ್ಳಿ. ತಲೆ ಜೋಲ್ತಾ ಇದೆ" ಎಂದರು.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಹತ್ತೊಂಬತ್ತು ವರ್ಷದ ಸರ್ವೀಸು. ತಂತಿಹಗ್ಗ, ಬ್ರೇಕು, ಬಾಗಿಲು, ಗಂಟೆ ಅಂತ ಒಂದೊಂದು ಲಿಫ್ಟಿಗೂ ಮೂವತ್ತೆರಡು ಅಂಶಗಳ ಚೆಕ್‌ಲಿಸ್ಟ್. ದಿನವೂ ಸಾವಿರಾರು ಜನರನ್ನು ಮೇಲೆ ಕೆಳಗೆ ಹೊತ್ತು ತಿರುಗುವ ಯಂತ್ರಗಳನ್ನೇ ಸಂಭಾಳಿಸಿದವನಿಗೆ ಮೂರು ಕೆಜಿಯ ಕೂಸು, ಅದರ ಅಮ್ಮ ಯಾವ ಲೆಕ್ಕ!

ಮನೆಗೆ ಬಂದವನೇ ಫ್ರಿಜ್ಜಿನ ಬಾಗಿಲಿಗೆ ಚಾರ್ಟು ಅಂಟಿಸಿದೆ. ಇಪ್ಪತ್ತಾರು ಅಂಶಗಳು! ನೀರು, ಹಾಲು, ಊಟ, ಮಾತ್ರೆ, ನಿದ್ದೆ, ಸ್ನಾನ, ನಡಿಗೆ, ಬಿಸಿಲು. ಬರೆಯಲು ಐದು ಬಣ್ಣದ ಪೆನ್ನುಗಳು. ಡ್ಯೂಟಿಯಲ್ಲಿರುವಾಗ ಗಂಟೆಗೊಮ್ಮೆ ಫೋನು.

"ನೀರು ಕುಡಿದ್ಯಾ?"

"ಕುಡಿದೆ ರೀ."

"ಎಷ್ಟು?"

"ಒಂದು ಲೋಟ."

"ಯಾವ ಲೋಟ? ದೊಡ್ಡದೋ ಚಿಕ್ಕದೋ?"

ಆ ಕಡೆಯಿಂದ ಒಂದು ನಿಟ್ಟುಸಿರು. "ಮಧ್ಯಮ" ಅನ್ನುವಳು. ಆ ಅಂಕಣ ನನ್ನ ಚಾರ್ಟಿನಲ್ಲಿ ಇರಲಿಲ್ಲ. ಸಂಜೆಯೇ ಸೇರಿಸಿದೆ.

ಮೂರನೇ ವಾರದಿಂದ ಅವಳು ದಿನಕ್ಕೆ ಮೂರು ಮೂರು ಸಲ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಡತೊಡಗಿದಳು. ನನಗೋ ಆನಂದ! "ಶುಚಿತ್ವ: ಅತ್ಯುತ್ತಮ" ಎಂದು ಹಸಿರು ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮಲಗುವ ಮುಂಚೆ ಒಂದೇ ಪ್ರಶ್ನೆ: "ಎಲ್ಲ ಸರಿಯಿದೆ ತಾನೇ?" ಅವಳು "ಹೂಂ" ಅನ್ನುತ್ತಿದ್ದಳು. ನಾನು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದೆ.

ಆರನೇ ವಾರ ತಾಯಿ-ಮಗುವಿನ ಕ್ಲಿನಿಕ್ಕಿನಿಂದ ನರ್ಸಮ್ಮ ಬಂದರು. ಕೈಯಲ್ಲಿ ದೊಡ್ಡ ಚೀಲ, ಮುಖದಲ್ಲಿ ಹೆಡ್ಮಿಸ್ಟ್ರೆಸ್ಸಿನ ಗತ್ತು. ಮಗುವನ್ನು ತೂಗಿದರು, ನನ್ನ ಚಾರ್ಟನ್ನು ಮೇಲಿಂದ ಕೆಳಗೆ ನೋಡಿದರು. ಮೆಚ್ಚುಗೆಗಾಗಿ ಕಾದೆ. "ಇದ್ಯಾಕೆ ಇಲ್ಲಿದೆ?" ಎಂದಷ್ಟೇ ಕೇಳಿ, ಚೀಲದಿಂದ ಒಂದು ಹಾಳೆ ತೆಗೆದು ನನ್ನವಳ ಕೈಗೆ ಕೊಟ್ಟರು.

"ಹತ್ತು ಪ್ರಶ್ನೆ ಇದೆಯಮ್ಮಾ. ಒಬ್ಬಳೇ ಕೂತ್ಕೊಂಡು, ನಿಧಾನವಾಗಿ ಓದಿ, ಮನಸ್ಸಿಗೆ ಅನ್ನಿಸಿದ್ದಕ್ಕೆ ಗುರುತು ಹಾಕು. ನಾಳೆ ಬೆಳಿಗ್ಗೆ ಕ್ಲಿನಿಕ್ಕಿನ ಪೆಟ್ಟಿಗೇಲಿ ಹಾಕ್ಸು."

ಮರುದಿನ ಬೆಳಿಗ್ಗೆ ನೋಡುತ್ತೇನೆ, ಹಾಳೆ ಊಟದ ಮೇಜಿನ ಮೇಲೆ ಖಾಲಿ ಬಿದ್ದಿದೆ! ಅವಳು ಮಗುವಿನ ಪಕ್ಕದಲ್ಲಿ ಅಂತೂ ಇಂತೂ ಕಣ್ಣು ಮುಚ್ಚಿದ್ದಳು. ಎಬ್ಬಿಸುವುದೇ? ಛೆ ಛೆ, ಕಟುಕನೂ ಎಬ್ಬಿಸಲಾರ. ಇತ್ತ ಖಾಲಿ ಫಾರಂ ಕಂಡರೆ ನನ್ನ ಕೈ ಸುಮ್ಮನಿರುವ ಜಾತಿಯಲ್ಲ. ಹತ್ತು ಸಾಲು, ನಾಲ್ಕು ಅಂಕಣ. ಅರೆ, ಥೇಟ್ ನಮ್ಮ ಆಫೀಸಿನದೇ! ನಮ್ಮ ಫಾರಮ್ಮಿನಲ್ಲಿ ಎಡಗಡೆಯ ಮೊದಲ ಅಂಕಣ 'ಸರಿ ಇದೆ', ಆಮೇಲೆ 'ಗಮನಿಸಬೇಕು', 'ದುರಸ್ತಿ ಆಗಬೇಕು', ಕೊನೆಗೆ 'ಕೂಡಲೇ ನಿಲ್ಲಿಸಬೇಕು'. ಲಿಫ್ಟನ್ನು ಕಣ್ಣಾರೆ ಪರೀಕ್ಷಿಸಿ ಆದ ಮೇಲೆ ನಾವು ಫಾರಂ ಓದುತ್ತ ಕೂರುವುದಿಲ್ಲ. ಮೊದಲ ಅಂಕಣದ ನೆತ್ತಿಗೆ ಪೆನ್ನು ಇಟ್ಟು, ಸರ್‍ರನೆ ಕೆಳಗಿನವರೆಗೆ ಒಂದೇ ಗೆರೆ!

ಎಳೆದುಬಿಟ್ಟೆ. ನನ್ನ ಹೆಂಡತಿಯನ್ನೂ ದಿನಾ ಕಣ್ಣಾರೆ ನೋಡುತ್ತಿದ್ದೇನಲ್ಲ! ಅಷ್ಟಕ್ಕೇ ಬಿಟ್ಟಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಅಭ್ಯಾಸಬಲ! ಬ್ಯಾಗಿನಿಂದ ಸೀಲು ತೆಗೆದು ಹಾಳೆಯ ಹಿಂಬದಿಗೆ ಒತ್ತಿದೆ. ದಾರಿಯಲ್ಲಿ ಕ್ಲಿನಿಕ್ಕಿನ ಪೆಟ್ಟಿಗೆಗೆ ಹಾಕಿ, ಶಿಳ್ಳೆ ಹೊಡೆಯುತ್ತ ಡ್ಯೂಟಿಗೆ ಹೋದೆ.

ಹನ್ನೊಂದು ಗಂಟೆ. ಬಟ್ಟೆ ಅಂಗಡಿಯೊಂದರ ಲಿಫ್ಟನ್ನು ಐದನೇ ಮಹಡಿಯಲ್ಲಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಕೂತಿದ್ದೆ. ಜೊತೆಗೆ ನಮ್ಮ ಮೆಕ್ಯಾನಿಕ್ ಗ್ರೀಸಣ್ಣ. ಫೋನು ಬಂತು. ನರ್ಸಮ್ಮ!

"ಏನ್ರೀ, ನಿಮ್ಮ ಮಿಸೆಸ್‌ಗೆ ಮೂವತ್ತಕ್ಕೆ ಮೂವತ್ತು ಬಂದಿದೆ!"

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. "ಥ್ಯಾಂಕ್ಸ್ ಸಿಸ್ಟರ್! ನಂಗೆ ಮೊದಲೇ ಗೊತ್ತಿತ್ತು!"

"ಗೊತ್ತಿತ್ತಾ? ಗೊತ್ತಿದ್ದೂ ಕೆಲಸಕ್ಕೆ ಹೋಗಿದ್ದೀರಾ?"

"ಮತ್ತೇನ್ ಸಿಸ್ಟರ್, ರಜಾ ಹಾಕಿ ಸ್ವೀಟ್ ಹಂಚ್ಲಾ?"

"ಇಂಥ ಗಂಡಸನ್ನ ನನ್ನ ಜನ್ಮದಲ್ಲಿ ನೋಡಿಲ್ಲ!" ಫೋನು ನಡುಗುವಂಥ ದನಿ. "ಅಂಕ ಹೆಚ್ಚಿದ್ರೆ ಸಂಕಟ ಹೆಚ್ಚು ಅಂತ ರೀ! ಹತ್ತು ದಾಟಿದ್ರೇ ನಮಗೆ ಚಿಂತೆ. ಹದಿನೇಳು ವರ್ಷದಲ್ಲಿ ಮೂವತ್ತು ನಾನು ಕಂಡಿಲ್ಲ. ಈಗಲೇ ನಿಮ್ಮನೆಗೆ ಹೊರಟಿದ್ದೀನಿ, ನೀವೂ ಬನ್ನಿ. ಅಲ್ಲಿವರೆಗೂ ಅವರನ್ನ ಒಂದು ಕ್ಷಣಾನೂ ಒಂಟಿಯಾಗಿ ಬಿಡಬೇಡಿ ಅಂತ ಮನೇಲಿರೋರಿಗೆ ಹೇಳಿ!"

ಮಗಳ ಬಾಣಂತನಕ್ಕೆಂದು ನಮ್ಮಲ್ಲೇ ಇದ್ದ ಅತ್ತೆಗೆ ಫೋನು ಮಾಡಿ, "ಅವಳನ್ನ ಒಂಟಿಯಾಗಿ ಬಿಡ್ಬೇಡಿ ಅತ್ತೆ, ಏನೂ ಕೇಳ್ಬೇಡಿ!" ಎಂದು ಕಿರುಚಿದೆ. ಲಿಫ್ಟನ್ನು ನಾನೇ ನಿಲ್ಲಿಸಿದ್ದರಿಂದ ಐದು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿದೆ. ಇಳಿದೆ ಅನ್ನುವುದಕ್ಕಿಂತ ಉರುಳಿದೆ ಅಂದರೆ ಸರಿ.

ಮನೆಯಲ್ಲಿ ಏನು ನೋಡಲಿ! ಹಾಲಿನ ನಡುವೆ ನನ್ನವಳು, ಅವಳ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆ. ಮಗು ತೊಟ್ಟಿಲಲ್ಲಿ ಅರಚುತ್ತಿದೆ.

"ರೀ, ಅಮ್ಮಂಗೆ ಏನಾಗಿದೆ? ಅರ್ಧ ಗಂಟೆಯಿಂದ ಕೈ ಬಿಡ್ತಿಲ್ಲ. ಬಚ್ಚಲಿಗೂ ಹೋಗೋಕೆ ಬಿಡ್ತಿಲ್ಲ!"

"ಅಳಿಯಂದ್ರ ಆರ್ಡರು" ಎಂದರು ಅತ್ತೆ. ಹಿಡಿತ ಸಡಿಲಿಸಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ಬಂದೇಬಿಟ್ಟರು. ಚೀಲ ಇಳಿಸಿ, ನನ್ನವಳನ್ನು ಮೆತ್ತಗೆ ಕೂರಿಸಿ, ಹಾಳೆ ಬಿಡಿಸಿದರು. "ನೋಡಮ್ಮಾ, ನೀನು ಗುರುತು ಹಾಕಿರೋದನ್ನ ಓದಿ ಗಾಬರಿಯಾಯ್ತು. 'ಕಾರಣವಿಲ್ಲದೆ ಅಳು ಬರುತ್ತದೆ', ಯಾವಾಗಲೂ. 'ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ', ಯಾವಾಗಲೂ. 'ನಾನು ಕೆಟ್ಟ ತಾಯಿ ಅನ್ನಿಸುತ್ತದೆ', ಯಾವಾಗಲೂ. 'ಬದುಕೇ ಬೇಡ ಅನ್ನಿಸುತ್ತದೆ'..."

"ನಿಲ್ಸಿ ಸಿಸ್ಟರ್!" ನಾನು ನಡುವೆ ಬಾಯಿ ಹಾಕಿದೆ. "ಅವಳು ಬರೆದಿದ್ದಲ್ಲ. ನಾನು."

ಮೂರು ತಲೆಗಳು ಒಟ್ಟಿಗೇ ನನ್ನ ಕಡೆ ತಿರುಗಿದವು. ಮಗು ಕೂಡ ಅಳು ನಿಲ್ಲಿಸಿತು.

"ನೀವಾ? ಪ್ರಶ್ನೆ ಓದಿದ್ರಾ?"

"ಓದ್ತಾ ಕೂತ್ರೆ ಡ್ಯೂಟಿಗೆ ಲೇಟಾಗುತ್ತೆ ಅಂತ... ನಮ್ಮಲ್ಲಿ ಮೊದಲನೇ ಅಂಕಣ ಅಂದ್ರೆ 'ಸರಿ ಇದೆ' ಅಂತ ಸಿಸ್ಟರ್..."

ನರ್ಸಮ್ಮ ಹಾಳೆಯನ್ನು ಮಗುಚಿದರು. ಹಿಂಬದಿಯ ನೀಲಿ ಸೀಲು ಕಣ್ಣಿಗೆ ಬಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಪರೀಕ್ಷಿಸಲಾಗಿದೆ. ಬಳಕೆಗೆ ಯೋಗ್ಯ. ಗರಿಷ್ಠ ಎಂಟು ಜನ."

ಅತ್ತೆ ಮಗಳ ಕೈ ಬಿಟ್ಟು ತಮ್ಮ ಹಣೆ ಹಿಡಿದುಕೊಂಡರು. "ಲಿಫ್ಟುಗಳಿಗೂ ಹೀಗೇ ಗೆರೆ ಎಳೀತೀರಾ ಅಳಿಯಂದ್ರೇ? ಹಾಗಾದ್ರೆ ಇವತ್ತಿಂದ ನಾನು ಮೆಟ್ಟಿಲೇ ಹತ್ತೋದು."

ನನ್ನವಳಿಗೆ ನಗು ಬಂತು. ಮೊದಲು ಮುಸಿಮುಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಎಂಟು ಜನ! ಅಮ್ಮಾ, ಎಂಟು ಜನ!" ನಾನೂ ನಕ್ಕೆ. ಗಂಡಾಂತರ ಕಳೆಯಿತಲ್ಲ! "ನೋಡಿದ್ರಾ ಸಿಸ್ಟರ್, ಹೇಗೆ ನಗ್ತಿದ್ದಾಳೆ! ಇವಳಿಗೇನೂ ಆಗಿಲ್ಲ. ಕಾಫಿ ಕುಡಿದು ಹೊರಡಿ" ಎಂದು ಅಡುಗೆಮನೆಗೆ ಹೋಗಿ ಕಾಫಿ ಪಾತ್ರೆ ತಂದೂಬಿಟ್ಟೆ.

ನರ್ಸಮ್ಮ ನಗಲಿಲ್ಲ. ಅವಳನ್ನೇ ನೋಡುತ್ತಿದ್ದರು. ಅವಳ ನಗು ನಿಲ್ಲುತ್ತಿರಲಿಲ್ಲ. ನಗುತ್ತ ನಗುತ್ತ ಉಸಿರು ಕಟ್ಟಿತು, ಭುಜ ಅಲುಗಿತು, ಆಮೇಲೆ ಅದು ನಗುವೇ ಆಗಿರಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಕಾಫಿ ಪಾತ್ರೆ ಹಿಡಿದುಕೊಂಡು ಕಂಬದಂತೆ ನಿಂತುಬಿಟ್ಟೆ.

"ಮಗೂನ ಎತ್ಕೊಂಡು ಇಬ್ಬರೂ ಆಚೆ ಹೋಗಿ" ಎಂದರು ನರ್ಸಮ್ಮ. ನನ್ನವಳನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿಕೊಂಡರು.

ಮುಕ್ಕಾಲು ಗಂಟೆ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ನಿಂತಿದ್ದೆವು. ಎದುರಿಗೆ ನನ್ನ ಚಾರ್ಟು, ಇಪ್ಪತ್ತಾರು ಅಂಶ, ಐದು ಬಣ್ಣ. ಅತ್ತೆ ಮೆಲ್ಲಗೆ, "ನಾನೂ ನೋಡ್ಲಿಲ್ಲ. ಹೆತ್ತವಳು ನಾನು, ನಾನೂ ನೋಡ್ಲಿಲ್ಲ" ಎಂದರು.

ಬಾಗಿಲು ತೆರೆಯಿತು. ನರ್ಸಮ್ಮನ ಕೈಯಲ್ಲಿ ಹೊಸ ಹಾಳೆ. ನನ್ನವಳು ತಾನೇ ಹೇಳಿದಳು, "ನೀವೇ ತೋರ್ಸಿ ಸಿಸ್ಟರ್. ನನ್ನ ಬಾಯಲ್ಲಿ ಹೇಳೋಕಾಗಲ್ಲ."

"ಇಪ್ಪತ್ತೊಂದು" ಎಂದರು ನರ್ಸಮ್ಮ.

ಈ ಸಲ ಒಂದೊಂದು ಸಾಲನ್ನೂ ಓದಿದೆ. ಬೆರಳಿಟ್ಟು ಓದಿದೆ. ಕೊನೆಯದು 'ಬದುಕೇ ಬೇಡ ಅನ್ನಿಸುತ್ತದೆ'. ಅದರ ಮುಂದೆ 'ಇಲ್ಲ' ಎಂಬಲ್ಲಿ ಗುರುತಿತ್ತು. ಆ ಗುರುತನ್ನೇ ಮತ್ತೆರಡು ಸಲ ನೋಡಿದೆ. ದೇವರೇ, ಅದೊಂದು ಉಳಿಯಿತಲ್ಲ!

"ಆದ್ರೆ ಯಾವಾಗ... ನಂಗೆ ಗೊತ್ತೇ ಆಗ್ಲಿಲ್ವಲ್ಲೇ? ನೀನು ಒಂದಿನಾನೂ ಅಳ್ಲಿಲ್ಲ!"

"ಅಳ್ತಿದ್ದೆ. ಬಚ್ಚಲಲ್ಲಿ, ನಲ್ಲಿ ಬಿಟ್ಕೊಂಡು. ನೀವು ಹಸಿರು ಪೆನ್ನಲ್ಲಿ ಬರ್ಕೊಂಡ್ರಿ."

ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. "ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? 'ಎಲ್ಲ ಸರಿಯಿದೆ ತಾನೇ' ಅಂತ ನೀವೇ ಉತ್ತರ ಹೇಳ್ಬಿಡ್ತಿದ್ರಿ. ಇಷ್ಟೆಲ್ಲ ಮಾಡ್ತಾರೆ, ಆದ್ರೂ ನಂಗೆ ಅಳು ಬರುತ್ತಲ್ಲ, ನಾನೆಂಥ ಹೆಂಗಸು ಅಂತ ಇನ್ನೂ ಅಳು ಬರೋದು."

ನರ್ಸಮ್ಮ ನಡುವೆ ಬಂದರು. "ಇದು ಇವರ ತಪ್ಪಲ್ಲ, ಸೋಮಾರಿತನಾನೂ ಅಲ್ಲ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ಬರೋ ಕಾಯಿಲೆ. ವಾಸಿಯಾಗುತ್ತೆ. ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಬನ್ನಿ. ಗುರುವಾರ ನಮ್ಮಲ್ಲಿ ಹೊಸ ತಾಯಂದಿರೆಲ್ಲ ಒಟ್ಟಿಗೆ ಕೂತು ಮಾತಾಡ್ತಾರೆ, ಅಲ್ಲಿಗೂ ಬರ್ಲಿ. ದಿನಾ ನಾಲ್ಕು ಗಂಟೆ ಯಾರೂ ಎಬ್ಬಿಸದ ನಿದ್ದೆ ಬೇಕು. ಇನ್ನು ನೀವು..."

"ಹೇಳಿ ಸಿಸ್ಟರ್, ಬರ್ಕೋತೀನಿ!"

"ಪೆನ್ನು ಕೆಳಗಿಡಿ! ಅವರು ಏನಾದ್ರೂ ಹೇಳಿದ್ರೆ ಸುಮ್ನೆ ಕೇಳಿ. ಉಪಾಯ ಹೇಳ್ಬೇಡಿ."

ಅಬ್ಬಾ, ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಕಷ್ಟದ ಡ್ಯೂಟಿ ನನಗೆ ಬಿದ್ದಿರಲಿಲ್ಲ! ಅವಳು "ಇವತ್ತು ಮಗು ಅತ್ತಾಗ ಎದ್ದು ಓಡಿಹೋಗೋಣ ಅನ್ನಿಸ್ತು ರೀ" ಅನ್ನುವಳು. ನನ್ನ ನಾಲಗೆಯ ತುದಿಯಲ್ಲಿ ಒಂಬತ್ತು ಉಪಾಯಗಳು ಸಾಲಾಗಿ ನಿಂತಿರುತ್ತಿದ್ದವು. ತುಟಿ ಕಚ್ಚಿಕೊಂಡು "ಹೌದಾ?" ಅನ್ನುತ್ತಿದ್ದೆ. ಅಷ್ಟಕ್ಕೇ ಅವಳು ಇನ್ನೂ ಹತ್ತು ಮಾತು ಹೇಳುತ್ತಿದ್ದಳು. ಅವಳು ಮಲಗುವ ಹೊತ್ತಿಗೆ ಮಗುವನ್ನು ಎದೆಗೆ ಕಟ್ಟಿಕೊಂಡು ಬೀದಿಗಿಳಿಯುತ್ತಿದ್ದೆ. ಟೈಲರ್ ಅಂಗಡಿಯವರೆಗೆ, ಅಲ್ಲಿಂದ ಪಾರ್ಕು, ಮತ್ತೆ ಟೈಲರ್ ಅಂಗಡಿ. ಚಾರ್ಟನ್ನು ಅತ್ತೆ ಕಿತ್ತು ಹಾಕಿದರು. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಕ್ಲಿನಿಕ್ಕಿನಲ್ಲಿ ಅವಳು ಮತ್ತೊಮ್ಮೆ ಹಾಳೆ ತುಂಬಿದಳು. ನನ್ನನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿ, ಜೇಬಿನ ಪೆನ್ನನ್ನೂ ಕಸಿದುಕೊಂಡಿದ್ದರು. ಒಳಗೆ ಕರೆದಾಗ ನರ್ಸಮ್ಮನ ಮುಖದಲ್ಲಿ ನಾನು ಮೊದಲ ಸಲ ಹಲ್ಲು ಕಂಡೆ.

"ಏಳು!" ಎಂದರು.

ನಾನು ತಟ್ಟನೆ ಎದ್ದು ನಿಂತೆ.

"ನಿಮಗಲ್ಲ ರೀ, ಕೂತ್ಕೊಳ್ಳಿ. ಇವರ ಅಂಕ. ಇಪ್ಪತ್ತೊಂದರಿಂದ ಏಳಕ್ಕೆ ಇಳಿದಿದೆ!" ಆಮೇಲೆ ಅವಳ ಕಡೆ ತಿರುಗಿ, "ಡಾಕ್ಟರ್ ಔಷಧಿ ಇದೆ, ಗುರುವಾರದ ಮಾತುಕತೆ ಇದೆ, ಅದು ಸರಿ. ಮನೇಲಿ ನಿಂಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಆಗಿದ್ದು ಯಾವುದಮ್ಮಾ? ಬೇರೆ ತಾಯಂದಿರಿಗೂ ಹೇಳ್ಬಹುದು" ಎಂದರು.

ನಾನು ಕಾಲರ್ ಸರಿಮಾಡಿಕೊಂಡೆ.

"ಇವರು ದಿನಾ ಮಗೂನ ಎತ್ಕೊಂಡು ಆಚೆ ಹೋಗ್ತಾರಲ್ಲ, ಅದು ಸಿಸ್ಟರ್" ಎಂದಳು ನನ್ನವಳು. ಕಣ್ಣು ತುಂಬಿ ಬಂತು, ನನಗೆ.

"ಹೌದಮ್ಮಾ, ಮಗುವಿನಿಂದ ಸ್ವಲ್ಪ ಬಿಡುವು ಸಿಗಬೇಕು."

"ಅಯ್ಯೋ, ಮಗು ಮನೇಲೇ ಇದ್ರೂ ಪರವಾಗಿಲ್ಲ ಸಿಸ್ಟರ್. ಇವರು ಹೋದ್ರೆ ಸಾಕು!"

ಹೇಳಿ ನಕ್ಕಳು. ಆ ನಗು ಎಲ್ಲಿ ಮತ್ತೆ ಅಳುವಿಗೆ ತಿರುಗೀತೋ ಎಂದು ಹೆದರಿ ಅವಳ ಮುಖವನ್ನೇ ನೋಡಿದೆ. ತಿರುಗಲಿಲ್ಲ. ನಗುವಾಗಿಯೇ ಇತ್ತು. ನರ್ಸಮ್ಮ ಮಾತ್ರ ಗಂಭೀರವಾಗಿ ಔಷಧಿ ಚೀಟಿಯನ್ನು ಎಳೆದುಕೊಂಡು, ಮಾತ್ರೆಯ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿ ನನ್ನ ಕೈಗೇ ಕೊಟ್ಟರು: "ಗಂಡ: ದಿನಕ್ಕೆ ಎರಡು ಸಲ, ಊಟದ ನಂತರ, ಮನೆಯಿಂದ ಹೊರಗೆ."