ನಮ್ಮ ಒಳಕೋಣೆಯ ರೈಲುಮಾರ್ಗ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಆಗದ ಕೆಲಸಗಳಿಗೆಲ್ಲ ಒಂದೇ ಉತ್ತರವಿತ್ತು: “ಹುಣಸೂರ್ಗೆ ರೈಲು ಬಂದಾಗ ನೋಡಾನ.” ಸೈಕಲ್ ಕೇಳಿದರೆ ಅದೇ ಮಾತು, ಹೊಸ ಲಂಗ ಕೇಳಿದರೂ ಅದೇ ಮಾತು. ಕನ್ನಡದಲ್ಲಿ ಎಂ.ಎ. ಮಾಡಿ, ಮಾತುಗಳನ್ನು ಪ್ರಶ್ನಿಸುವುದೇ ಕಸುಬಾದ ಮೇಲೆ ಈ ಮಾತನ್ನೂ ಪ್ರಶ್ನಿಸಿದೆ. ನಮ್ಮೂರು ಹುಣಸೂರಿಗೆ ಹಳಿಯೇ ಇಲ್ಲ; ರೈಲಿಗಾಗಿ ಏಕೆ ಕಾಯಬೇಕು? ಬಾರದಿರುವುದು ರೈಲಿನ ತಪ್ಪೋ, ಕಾಯುತ್ತ ಕುಳಿತವರ ತಪ್ಪೋ? ನಾನು ಹೀಗೆ ಪ್ರಶ್ನೆಯಲ್ಲಿಯೇ ನಿಂತಿದ್ದಾಗ ಅಪ್ಪ ನಮ್ಮ ಒಳಕೋಣೆಯಲ್ಲಿ ಉತ್ತರವನ್ನು ಕಟ್ಟತೊಡಗಿದ್ದರು.

ಅಪ್ಪ ಖಾಸಗಿ ಬಸ್ಸಿನ ಚಾಲಕರಾಗಿದ್ದವರು. ಪಿರಿಯಾಪಟ್ಟಣದಿಂದ ಹೊರಟು ಹುಣಸೂರಿನ ಮೇಲೆ ಕೆ.ಆರ್. ನಗರಕ್ಕೆ ಹೋಗಿಬರುವುದೇ ಅವರ ಜೀವನವಾಗಿತ್ತು. ಕೆ.ಆರ್. ನಗರದಲ್ಲಿ ಗೇಟು ಹಾಕಿದಾಗಲೆಲ್ಲ ಬಸ್ಸು ನಿಲ್ಲಿಸಿಕೊಂಡು ರೈಲು ನೋಡಿ ಅಸೂಯೆಪಡುತ್ತಿದ್ದರು. “ಅವನ್ಗೆ ಸ್ಟೇರಿಂಗೇ ಇಲ್ಲ ಕಣವ್ವ. ಎದುರ್ಗೆ ಎಮ್ಮೆ ಬಂದ್ರೂ ತಪ್ಪು ಎಮ್ಮೇದೇ,” ಎನ್ನುತ್ತಿದ್ದರು. ಆಮೇಲೆ ಅವರ ಶ್ವಾಸಕೋಶ ಗಟ್ಟಿಯಾಗತೊಡಗಿತು. ಆಮ್ಲಜನಕದ ಯಂತ್ರ ಮನೆಗೆ ಬಂತು. ಅದರ ಕೊಳವೆ ಎಷ್ಟು ಉದ್ದವೋ ಅಷ್ಟೇ ಅವರ ರೂಟು ಎಂದಾಯಿತು. ಆ ರೂಟಿನೊಳಗೆ, ಮಂಚದ ಮೇಲೆ ಮಲಗಿದರೂ ಕಣ್ಣಿಗೆ ಕಾಣುವ ಎತ್ತರದಲ್ಲಿ, ಗೋಡೆಗಳ ಸುತ್ತ ಹಲಗೆ ಹೊಡೆಸಿ ಪುಟ್ಟ ರೈಲನ್ನು ಓಡಿಸಬೇಕೆಂದು ಅವರು ತೀರ್ಮಾನಿಸಿದರು.

ಕಾಯಿಲೆಯ ಮನೆಯಲ್ಲಿ ನಗುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಮೊದಲು ನಗುವ ಧೈರ್ಯ ಮಾತ್ರ ಯಾರಿಗೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಅಪ್ಪ ವಹಿಸಿಕೊಂಡಿದ್ದರು.

ಹಲಗೆ ಬಂದದ್ದು

ಮಂಚದ ಪಕ್ಕದ ಗೋಡೆಗೆ ನಿಲ್ದಾಣ ಬರಬೇಕಾಗಿತ್ತು. ಅದಕ್ಕೆ ಅಗಲವಾದ ಹಲಗೆ ಬೇಕು. ಬಡಗಿ ಸಾಬರು ಅಪ್ಪನ ಹಳೆಯ ಸ್ನೇಹಿತರು, ಮರದ ಕೆಲಸದಲ್ಲಿ ಊರಿಗೇ ಹೆಸರಾದವರು. ನಾನು ಅವರ ಅಂಗಡಿಗೆ ಹೋದೆ. ಸಾಹಿತ್ಯದ ವಿದ್ಯಾರ್ಥಿನಿಯಾದ್ದರಿಂದ ಅನವಶ್ಯಕವಾದ ಒಂದು ಪದವನ್ನೂ ಬಳಸಲಿಲ್ಲ.

“ಅಪ್ಪನಿಗೆ ಒಂದು ಹಲಗೆ ಬೇಕು. ಆರಡಿ ಉದ್ದ, ಎರಡಡಿ ಅಗಲ. ನಯವಾಗಿರಬೇಕು. ಬೇಗ ಆಗಬೇಕು, ಅವರಿಗೆ ಹೆಚ್ಚು ಕಾಲವಿಲ್ಲ.”

ಸಾಬರು ಉಳಿಯನ್ನು ಕೆಳಗಿಟ್ಟರು. “ನಿಮ್ ಕಡೆ ಬಿದಿರು ಅಲ್ವೇನಮ್ಮ?” ಎಂದು ಮೆಲ್ಲಗೆ ಕೇಳಿದರು. ಬಿದಿರು ಗಟ್ಟಿಯಾಗಿ ನಿಲ್ಲುವುದಿಲ್ಲ, ಹಲಗೆಯೇ ಆಗಬೇಕೆಂಬುದು ಅಪ್ಪನ ಆಸೆ ಎಂದೆ. ಅವರು ತಲೆಯಾಡಿಸಿದರು. “ಅವನ್ ಆಸೆ ಅಂದ್ರೆ ಸರಿ. ನೀವು ಓಗಿ, ನಾನೇ ತತ್ತೀನಿ. ಇದುಕ್ಕೆಲ್ಲ ಕೂಲಿ ಗೀಲಿ ಅನ್ಬೇಡಿ.”

ಮಧ್ಯಾಹ್ನ ಸಾಬರು ತಲೆಗೆ ಟೋಪಿಯಿಟ್ಟು, ಹಲಗೆಗೆ ಬಿಳಿಯ ಬಟ್ಟೆ ಹೊದಿಸಿ, ಮೂವರು ಕೆಲಸಗಾರರೊಡನೆ ಭುಜದ ಮೇಲೆ ಹೊತ್ತು ತಂದರು. ಆಟೋದಲ್ಲಿ ತರುವುದು ಅಗೌರವವೆಂದು ಅವರಿಗೆ ತೋರಿತ್ತು. ಬೀದಿಯ ತುದಿಯಲ್ಲಿ ಅದನ್ನು ಕಂಡವರು ಹಿಂದೆ ಸೇರಿಕೊಂಡರು. ಎದುರು ಮನೆಯಾಕೆ ಟಿ.ವಿ. ಆರಿಸಿ ಹೊರಗೆ ಬಂದರು. ಹೂವಿನವಳು ಬುಟ್ಟಿಯೊಡನೆಯೇ ಬಂದಳು. ಹಲಗೆ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅರ್ಧ ಬೀದಿ ಅದರ ಹಿಂದೆ ತಲೆತಗ್ಗಿಸಿ ನಡೆಯುತ್ತಿತ್ತು.

ಅಪ್ಪ ಮೂಗಿನ ಕೊಳವೆಯೊಡನೆ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಮೆರವಣಿಗೆಯನ್ನು ನೋಡಿ ಲೋಟ ಕೆಳಗಿಟ್ಟು, ಕಷ್ಟಪಟ್ಟು ಎದ್ದು ನಿಂತು, ಕೈಮುಗಿದು ಸಾಬರನ್ನು ಕೇಳಿದರು: “ಯಾರಪ್ಪ ಓಗ್ಬುಟ್ಟಿದ್ದು?”

ಹ್ಯಾಂಡ್‌ಪೋಸ್ಟ್‌ನ ಅಸಮಾಧಾನ

ನಿಲ್ದಾಣ ಎದ್ದಿತು. ಗೋಡೆಗಳ ಸುತ್ತ ಸಣ್ಣ ಹಲಗೆಗಳ ಮೇಲೆ ಹಳಿ ಹರಿಯಿತು. ಕೋಣೆಗೆ ಒಂದೇ ಬಾಗಿಲು. ರೈಲು ಸುತ್ತಬೇಕಾದರೆ ಬಾಗಿಲನ್ನು ದಾಟಲೇಬೇಕು. ಸಾಬರು ಅಲ್ಲಿ ಕೀಲು ಹಾಕಿದ ಹಲಗೆಯೊಂದನ್ನು ಕೂರಿಸಿದರು: ಇಳಿಸಿದರೆ ಸೇತುವೆ, ಎತ್ತಿದರೆ ದಾರಿ. ನಾನು ಅದಕ್ಕೆ ‘ಉತ್ಥಾಪನ ಸೇತು’ ಎಂದು ಹೆಸರಿಟ್ಟೆ. ಅಮ್ಮ ಅದನ್ನು “ಎತ್ತೋ ಹಲ್ಗೆ” ಎಂದರು. ನನ್ನ ಪದವನ್ನು ಆಮೇಲೆ ನಾನೂ ಬಳಸಲಿಲ್ಲ.

ಮಾರ್ಗ ಕೆ.ಆರ್. ನಗರದಿಂದ ಹುಣಸೂರಿನ ಮೇಲೆ ಪಿರಿಯಾಪಟ್ಟಣಕ್ಕೆ. ಮಂಚದ ಪಕ್ಕದ ನಿಲ್ದಾಣವೇ ಹುಣಸೂರು. ಊರಿನ ಹೆಸರುಗಳನ್ನು ಬರೆದು ಅಂಟಿಸುವ ಕೆಲಸ ನನ್ನದು. ಅಪ್ಪನನ್ನು ನೋಡಲು ಬಂದವರು ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದರು, ಆಮೇಲೆ ತಮ್ಮ ಊರು ಎಲ್ಲಿದೆ ಎಂದು ಹುಡುಕುತ್ತಿದ್ದರು. ರಾವಂದೂರಿನ ನೆಂಟರ ಒತ್ತಾಯಕ್ಕೆ ಮೂಲೆಯಲ್ಲಿ ಒಂದು ನಿಲುಗಡೆ ಕೊಡಬೇಕಾಯಿತು.

ಎಚ್.ಡಿ. ಕೋಟೆಯ ಪಕ್ಕದ ಊರಾದ ಹ್ಯಾಂಡ್‌ಪೋಸ್ಟ್‌ನಿಂದ ನನ್ನ ಸೋದರಮಾವ ಬಂದರು. ಅಪ್ಪನ ಕೈ ಹಿಡಿದು ಕುಳಿತರು. ಆಮೇಲೆ ಕೋಣೆಯನ್ನು ಒಂದು ಸುತ್ತು ನೋಡಿದರು.

“ಭಾವ, ನಮ್ದು ಎಲ್ಲಿ?”

“ನಿಮ್ ಕಡೆ ಜಾಗ ಇಲ್ಲ ಕಣಪ್ಪ. ಆ ಗೋಡೇಲಿ ಬೀರು ಅದೆ.”

“ಬೀರು ಸರಿಸ್ಬೋದಲ್ವಾ?”

“ಬೀರು ನಿಮ್ ಅಕ್ಕಂದು. ಅವ್ಳ್ನೇ ಕೇಳು.”

ಅಕ್ಕನನ್ನು ಕೇಳುವ ಧೈರ್ಯ ಮಾವನಿಗಿರಲಿಲ್ಲ. “ನಿಜವಾದ ರೈಲಂತೂ ನಮ್ ಕಡೆ ಯಾರೂ ಬುಡಲ್ಲ. ಸುಳ್ ರೈಲೂ ಬ್ಯಾಡ್ವಾ ನಮ್ಗೆ?” ಎಂದು ಎದ್ದವರು ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಸಾಯುತ್ತಿರುವವರೊಡನೆ ಜಗಳವಾಡಿ ಹೋದನಲ್ಲ ಎಂದು ಅಮ್ಮ ಅತ್ತರು.

ಮರುದಿನ ಮಾವ ಮತ್ತೆ ಬಂದರು. ಕೈಯಲ್ಲಿ ಚಪ್ಪಲಿಯ ಡಬ್ಬಿಯಿಂದ ಕತ್ತರಿಸಿ ಮಾಡಿದ ಪುಟ್ಟ ನಿಲ್ದಾಣ. ಬಾಗಿಲು, ಕಿಟಕಿ, ಕೂರಲು ಬೆಂಚು ಎಲ್ಲವೂ ಇದ್ದವು. ಅದನ್ನು ಬೀರುವಿನ ನೆತ್ತಿಯ ಮೇಲೆ, ಹಳಿಯೇ ಇಲ್ಲದ ಜಾಗದಲ್ಲಿ ಇಟ್ಟು ಹೇಳಿದರು: “ರೈಲು ಬ್ಯಾಡ ಬುಡಿ ಭಾವ. ಸ್ಟೇಷನ್ ಒಂದ್ ಇರ್ಲಿ. ಕಾಯ್ಕಂಡಿರ್ತೀವಿ.”

ವೈದ್ಯರು

ಮನೆಗೆ ಬರುತ್ತಿದ್ದ ವೈದ್ಯರು ವಯಸ್ಸಾದವರು, ನೇರ ಮಾತಿನವರು. ಮೊದಲ ಸಲ ರೈಲನ್ನು ಕಂಡು ಸಿಟ್ಟಾದರು. ಆಮ್ಲಜನಕದ ಸಮೀಪ ಕಿಡಿ ಹಾರಬಹುದಾದ ಯಾವುದೂ ಇರಕೂಡದು ಎಂದರು. ಅಪ್ಪ ಕೈಮುಗಿದರು. ಕೊನೆಗೆ ಒಪ್ಪಂದವಾಯಿತು: ಕರೆಂಟಿನ ಪೆಟ್ಟಿಗೆ ಮತ್ತು ರೈಲನ್ನು ಓಡಿಸುವ ಗುಂಡಿ ಬಾಗಿಲಿನಾಚೆ ಇರಬೇಕು, ರೈಲು ಮಂಚದ ಬದಿಯ ನಿಲ್ದಾಣಕ್ಕೆ ಬರುವಾಗ ಮೂಗಿನ ಕೊಳವೆ ತೆಗೆದು ಯಂತ್ರ ನಿಲ್ಲಿಸಿರಬೇಕು, ಅದೂ ಸ್ವಲ್ಪ ಹೊತ್ತು ಮಾತ್ರ. ಗುಂಡಿ ಬಾಗಿಲಿನಾಚೆ ಹೋದದ್ದರಿಂದ ಅಡಿಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ ಅಮ್ಮ ರೈಲಿನ ಚಾಲಕಿಯಾದರು. ತಮ್ಮ ಅಕ್ಕಿಯ ಡ್ರಮ್ಮು, ಹೊಲಿಗೆ ಯಂತ್ರ ಎರಡನ್ನೂ ಮೂಲೆಗೆ ತಳ್ಳಿದ ರೈಲನ್ನು ಅವರು ಅಲ್ಲಿಯವರೆಗೆ ಬೆರಳಲ್ಲಿಯೂ ಮುಟ್ಟಿರಲಿಲ್ಲ.

ಇನ್ನೊಂದು ಸಲ ಬಂದಾಗ ವೈದ್ಯರು ಅಪ್ಪನ ಎದೆಯನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಉಸಿರು ಕೆಟ್ಟಾಗ ಮೈಸೂರಿಗೆ ಸೇರಿಸಿದರೆ ಗಂಟಲಿಗೆ ಕೊಳವೆ ಹಾಕುತ್ತಾರೆ. ಕೆಲವು ದಿನ ಹೆಚ್ಚು ಸಿಗಬಹುದು. ಕಾಯಿಲೆ ಮಾತ್ರ ವಾಸಿಯಾಗುವುದಿಲ್ಲ,” ಎಂದರು.

“ಆ ದಿನ್ಗಳಲ್ಲಿ ಮಾತಾಡ್ಬೋದಾ ಸಾರ್?”

“ಆಗೋದಿಲ್ಲ.”

“ಇವ್ಳು ಪಕ್ಕದಲ್ಲಿ ಕೂತಿರ್ಬೋದಾ?” ಅಪ್ಪ ಅಮ್ಮನ ಕಡೆ ಕೈ ತೋರಿಸಿದರು.

“ಗಾಜಿನಾಚೆಯಿಂದ ನೋಡಬಹುದು.”

“ಮನೇಲೇ ಇದ್ರೆ?”

“ಉಸಿರಾಟದ ಸಂಕಟ ಕಡಿಮೆಯಾಗಲು ಔಷಧಿ ಕೊಡುತ್ತೇನೆ. ಬಂದು ನೋಡುತ್ತೇನೆ.”

“ಅಂಗಾದ್ರೆ ನಾನ್ ಇಲ್ಲೇ ಇರ್ತೀನಿ ಸಾರ್. ಕಣ್ ಬುಟ್ಕಂಡ್ ಇರ್ಬೇಕು ನಾನು,” ಎಂದರು ಅಪ್ಪ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಂಥದ್ದನ್ನೆಲ್ಲ ದೊಡ್ಡವರನ್ನು ಕೇಳಬೇಕು ಎಂದರು. ದೊಡ್ಡವರೆಂದರೆ ಹೊಸ ಅಗ್ರಹಾರದ ನನ್ನ ದೊಡ್ಡಪ್ಪ. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರಿದ್ದಿಲ್ಲ.

ವೈದ್ಯರು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. ಏನೋ ಹೇಳಬೇಕೆಂದಿದ್ದಾರೆ, ಹೇಳಲಾರದೆ ನಿಂತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋದೆ. ಅವರು ಅಮ್ಮನ ಕಡೆಗೆ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದರು: “ಹಿಂದಕ್ಕೂ ಹೋಗುತ್ತಾ ಇದು?”

ಗೂಡ್ಸ್ ಗಾಡಿ

ಅಪ್ಪ ಮಾತ್ರೆ ನುಂಗುವುದನ್ನು ಬಿಟ್ಟರು. ಅಮ್ಮ ಕೈಯಲ್ಲಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಅಮ್ಮ ಬೇಸತ್ತು ಮಾತ್ರೆಯನ್ನು ತೆರೆದ ಬೋಗಿಯಲ್ಲಿಟ್ಟು ಗುಂಡಿ ತಿರುಗಿಸಿದರು. ಅದು ಪಿರಿಯಾಪಟ್ಟಣವನ್ನು ದಾಟಿ, ರಾವಂದೂರಿನಲ್ಲಿ ನಿಂತು, ಹುಣಸೂರಿಗೆ ಬಂತು. ಅಪ್ಪ ಮರುಮಾತಿಲ್ಲದೆ ನುಂಗಿದರು. “ಕೈಲಿ ಕೊಟ್ರೆ ಔಷಧಿ. ಗಾಡೀಲಿ ಬಂದ್ರೆ ಲೋಡು ಕಣೇ. ಇಳಿಸ್ಕೊಬೇಕು,” ಎಂದರು.

ಅಂದಿನಿಂದ ಮಾತ್ರೆಗಳೆಲ್ಲ ಗೂಡ್ಸಿನಲ್ಲಿಯೇ ಬಂದವು. ಒಂದು ಸಂಜೆ ಗಾಡಿ ಇನ್ನೂ ಮಂಚದಿಂದ ದೂರದಲ್ಲಿ, ಅಪ್ಪ ರಟ್ಟಿನಲ್ಲಿ ಮಾಡಿಸಿದ್ದ ಸುರಂಗದೊಳಗಿದ್ದಾಗ ಕರೆಂಟು ಹೋಯಿತು. ಆಮ್ಲಜನಕದ ಯಂತ್ರವೂ ನಿಂತಿತು. ನಾನು ಓಡಿಹೋಗಿ ಆಪತ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರಿನ ತಿರುಪು ತಿರುಗಿಸಿದೆ. ಅಮ್ಮ ಕತ್ತಲಲ್ಲಿ ಅಪ್ಪನ ಎದೆ ತಡವುತ್ತ, “ಎಂಗಿದೀರಾ? ಏನಾದ್ರೂ ಮಾತಾಡಿ,” ಎಂದು ಕೂಗುತ್ತಿದ್ದರು. ಆಮೇಲೆ ಅಪ್ಪನ ದನಿ ಕೇಳಿತು:

“ಗಾಡಿ ಒಳಗೆ ಸಿಕ್ಕಾಕ್ಕಂಡಿರೋರ್ಗೆ ನೀರ್ ಗೀರ್ ಕೊಟ್ರೇನೇ?”

ಗೇಟು

ಒಂದು ಬೆಳಿಗ್ಗೆ ಅಪ್ಪನ ಉಸಿರು ಕೆಟ್ಟಿತು. ವೈದ್ಯರು ಬಂದು ಸೂಜಿ ಚುಚ್ಚಿ, ಸಂಕಟವನ್ನು ಇಳಿಸಿ ಹೋದರು. ಆದರೆ ಅಷ್ಟರಲ್ಲಿ ಅಮ್ಮ ಹೆದರಿ ದೊಡ್ಡಪ್ಪನಿಗೆ ಫೋನು ಮಾಡಿಯಾಗಿತ್ತು. ದೊಡ್ಡಪ್ಪ ಕೆ.ಆರ್. ನಗರದಿಂದ ಆಂಬುಲೆನ್ಸ್ ಮಾಡಿಕೊಂಡೇ ಬಂದರು. ಹ್ಯಾಂಡ್‌ಪೋಸ್ಟ್‌ನ ಮಾವನೂ ಬಂದರು. ಆಂಬುಲೆನ್ಸಿನ ಇಬ್ಬರು ಸ್ಟ್ರೆಚರ್ ಹಿಡಿದು ನಡುಮನೆಗೆ ಬಂದರು. ಎಲ್ಲರೂ ಒಳಕೋಣೆಯ ಬಾಗಿಲಲ್ಲಿ ನಿಂತರು, ಏಕೆಂದರೆ ಸೇತುವೆ ಇಳಿದಿತ್ತು. ಅಮ್ಮ ಗುಂಡಿಯ ಮುಂದೆ ಕುಳಿತಿದ್ದರು. ರೈಲು ಓಡುತ್ತಿತ್ತು. ಮಂಚದ ಮೇಲೆ ಅಪ್ಪ ಕೊಳವೆಯನ್ನು ಪಕ್ಕಕ್ಕಿಟ್ಟು ಅದನ್ನೇ ನೋಡುತ್ತಿದ್ದರು.

“ಎತ್ತವ್ವ ಅದ್ನ,” ಎಂದರು ದೊಡ್ಡಪ್ಪ.

“ಇರಿ ಭಾವ. ಗಾಡಿ ಬತ್ತಾ ಅದೆ.”

ಗಾಡಿ ಬಂತು, ಅವರ ಹೊಟ್ಟೆಯ ಮುಂದೆ ಸೇತುವೆಯನ್ನು ದಾಟಿ ಹೋಯಿತು. ದೊಡ್ಡಪ್ಪ ಕೈಚಾಚಿದರು. ಅಮ್ಮ ಗುಂಡಿಯನ್ನು ಬಿಡಲಿಲ್ಲ. “ಇನ್ನೊಂದ್ ಬತ್ತದೆ,” ಎಂದರು. ಇದ್ದದ್ದು ಅದೊಂದೇ ಗಾಡಿ. ಅದು ಮತ್ತೆ ಬಂತು, ಮತ್ತೆ ಹೋಯಿತು. ಆಂಬುಲೆನ್ಸಿನವರಲ್ಲಿ ಒಬ್ಬ ಸ್ಟ್ರೆಚರನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕುಳಿತ. ಇನ್ನೊಬ್ಬ ಹೊರಗೆ ಹೋಗಿ ಎಂಜಿನ್ ಆರಿಸಿ ಬಂದ. ಮಾವ ಜೇಬಿನಿಂದ ಕಡಲೆಕಾಯಿ ತೆಗೆದು ಎಲ್ಲರಿಗೂ ಹಂಚಿದರು. ಹಿಂದೆ ನಿಂತ ಎದುರು ಮನೆಯಾಕೆ ಕುತ್ತಿಗೆ ಚಾಚಿ, “ಯಾವ್ ಗಾಡಿ ಕಣ್ರೀ?” ಎಂದು ಕೇಳಿದರು. “ಅರಸೀಕೆರೆ ಪ್ಯಾಸೆಂಜರ್ ಇರ್ಬೇಕು,” ಎಂದರು ಮಾವ.

ದೊಡ್ಡಪ್ಪ ತಾಳ್ಮೆಗೆಟ್ಟರು. ಪಂಚೆಯನ್ನು ಮೇಲೆತ್ತಿ, ಸೇತುವೆಯ ಕೆಳಗೆ ಬಗ್ಗಿ ನುಸುಳಲು ಹೊರಟರು. ಸ್ಟ್ರೆಚರಿನ ಮೇಲೆ ಕುಳಿತಿದ್ದವನು ಅವರ ತೋಳು ಹಿಡಿದೆಳೆದು ಗದರಿದ: “ಏನ್ ಯಜಮಾನ್ರೇ, ಇಷ್ಟ್ ವಯಸ್ಸಾಗದೆ, ಗೇಟ್ ಆಕಿರೋವಾಗ ದಾಟ್ಬಾರ್ದು ಅಂತ ಗೊತ್ತಾಗಲ್ವಾ?”

ಯಾರ ಮಾತಿಗೂ ಹಿಂದೆ ಸರಿದು ಗೊತ್ತಿಲ್ಲದ ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಒಳಗಿನಿಂದ ಅಪ್ಪನ ನಗು ಕೇಳಿಸಿತು. ಅದು ಕೆಮ್ಮಾಯಿತು, ಮತ್ತೆ ನಗುವಾಯಿತು.

ಅಮ್ಮ ಗುಂಡಿ ತಿರುಗಿಸಿದರು. ರೈಲು ನಿಂತಿತು. ಎದ್ದು, ಹಲಗೆಯನ್ನೆತ್ತಿ ಒಳಗೆ ಹೋಗಿ, ಅಪ್ಪನ ಮೂಗಿಗೆ ಕೊಳವೆಯನ್ನು ಸಿಕ್ಕಿಸಿ, ಯಂತ್ರ ಹಾಕಿ, ಹೊರಗೆ ನಿಂತವರ ಕಡೆಗೆ ತಿರುಗಿದರು.

“ಇವ್ರು ಮೈಸೂರ್ಗೆ ಬರಲ್ಲ. ಗಂಟ್ಲಿಗೆ ಕೊಳವೆ ಆಕ್ಸಲ್ಲ. ಏನಾದ್ರೂ ಈ ಕೋಣೇಲೇ ಆಗ್ಲಿ, ನಾನ್ ಪಕ್ಕದಲ್ಲಿರ್ತೀನಿ. ಆಂಬುಲೆನ್ಸು ವಾಪಸ್ ಓಗ್ಲಿ. ಅನ್ನಕ್ಕಿಟ್ಟಿದೀನಿ, ಎಲ್ಲಾರೂ ಉಂಡ್ಕಂಡ್ ಓಗಿ.”