ಮೊದಲು ಮಾವನಿಗೆ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಗುವುದಕ್ಕೆ ಪುರುಸೊತ್ತು ಮಾಡಿಕೊಳ್ಳಬೇಕಾಗಿಲ್ಲ. ಬಂದ ನಗುವನ್ನು ಅತ್ತೆಯವರ ಮುಂದೆ ಮುಚ್ಚಿಡಲು ಒಂದು ಸೆರಗಿದ್ದರೆ ಸಾಕು. ನಮ್ಮ ಮನೆ ಚಿತ್ರದುರ್ಗದಲ್ಲಿ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮನೆದೇವರ ಗುಡಿಯಲ್ಲಿ ಜವಳ ತೆಗೆಸುವವರೆಗೆ ಮಗನ ಕೂದಲಿಗೆ ಕತ್ತರಿ ತಾಗಿಸುವಂತಿರಲಿಲ್ಲ. ಆ ಕೂದಲಿಗೆ ನನ್ನ ತಮ್ಮನ ಮದುವೆಯೂ ಸಿಕ್ಕಿಹಾಕಿಕೊಂಡೀತೆಂದು ಯಾರಿಗೆ ಗೊತ್ತಿತ್ತು?

ರಿಬ್ಬನ್

ಮಗಳಿಗೆ ತನ್ನ ಪುಟ್ಟ ತಮ್ಮನ ಕೂದಲೆಂದರೆ ಪ್ರಾಣ. ದಿನಾ ಎರಡು ಜಡೆ ಹಾಕಿ, ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಒಮ್ಮೆ ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕದ ಅಜ್ಜಿಯೊಬ್ಬರು ಇಬ್ಬರನ್ನೂ ನೋಡಿ ನನ್ನ ಬೆನ್ನು ಸವರಿದರು.

"ಎರಡೂ ಹೆಣ್ಣೇ ಏನವ್ವ? ಇರ್ಲಿ ಬಿಡು, ಹೆಣ್ಮಕ್ಳಿದ್ರೆ ಮನಿಗೆ ಚೆಂದ."

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಇವ್ನು ಗಂಡೇ ಅಜ್ಜಿ. ಮನೆದೇವ್ರಿಗೆ ಹೋಗಿಬಂದ್ಮ್ಯಾಲೆ ಗೊತ್ತಾಗ್ತೈತೆ," ಅಂದಳು.

ತಾಲೀಮು

ಗುಡಿಗೆ ಹೊರಡುವ ಬೆಳಿಗ್ಗೆ ನಮ್ಮತ್ತೆ ಪೂಜೆ ಬುಟ್ಟಿ ನೋಡಿ ಕೂಗಿಕೊಂಡರು. ದೇವರಿಗೆಂದು ಆರಿಸಿಟ್ಟಿದ್ದ ತೆಂಗಿನಕಾಯಿಗಳಲ್ಲಿ ಒಂದಕ್ಕೂ ಜುಟ್ಟಿಲ್ಲ! ತಮ್ಮನ ಹೆದರಿಕೆ ಬಿಡಿಸಲು ಮಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಕಾಯಿಗಳಿಗೂ ಜವಳ ಮಾಡಿದ್ದಳು.

"ಅಯ್ಯೋ, ಜುಟ್ಟಿಲ್ಲದ ಕಾಯಿ ದೇವ್ರಿಗೆ ಆಗಲ್ಲ ಕಣೇ!" ಅಂದರು ಅತ್ತೆ.

"ಆದ್ರೆ ಒಂದೂ ಅಳ್ಲಿಲ್ಲ ಅಜ್ಜಿ," ಅಂದಳು ಮಗಳು ಹೆಮ್ಮೆಯಿಂದ.

ದಾರಿಯಲ್ಲಿ ಬೇರೆ ಕಾಯಿ ಕೊಂಡೆವು. ಜುಟ್ಟಿಲ್ಲದವೆಲ್ಲ ವಾರವಿಡೀ ಚಟ್ನಿಯಾದವು.

ಸೋದರಮಾವನ ತೊಡೆ

ಜವಳದಲ್ಲಿ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಹಿರಿಯೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಅದಕ್ಕೆಂದೇ ಬಂದಿದ್ದ. ಮುಂದಿನ ಭಾನುವಾರ ಹೊಸದುರ್ಗದಲ್ಲಿ ಅವನಿಗೆ ಹೆಣ್ಣು ನೋಡುವುದಿತ್ತು. ನೆತ್ತಿಯಲ್ಲಿ ತೆಳುವಾಗುತ್ತಿದ್ದ ಕೂದಲಿಗೆ ಈರುಳ್ಳಿ ರಸ ಹಚ್ಚಿ ಹಚ್ಚಿ ಅದೊಂದು ದಿನಕ್ಕಾಗಿ ಉಳಿಸಿಕೊಂಡಿದ್ದ, ಪಾಪ.

ಕ್ಷೌರದ ಕತ್ತಿ ಕಂಡದ್ದೇ ಮಗ ಗುಡಿ ಹಾರಿಹೋಗುವಂತೆ ಕಿರುಚಿದ. "ಮೊದ್ಲು ಮಾವಂಗೆ!"

"ಹೂಂ, ಮಾವಂಗೇ ಮೊದ್ಲು," ಅಂದ ತಮ್ಮ, ಕ್ಷೌರದವರ ಮುಂದೆ ತಲೆ ಬಗ್ಗಿಸಿ, "ಸುಮ್ನೆ ಮಾಡ್ದಂಗೆ ಮಾಡ್ರಿ," ಎಂದು ಕಣ್ಣು ಮಿಟುಕಿಸಿದ. ಕ್ಷೌರದವರು ಕಣ್ಣು ನೋಡಲಿಲ್ಲ, ತಲೆ ನೋಡಿದರು. ನೀರು ಚಿಮುಕಿಸಿ, ಹಣೆಯಿಂದ ನೆತ್ತಿಯವರೆಗೆ ಒಂದೇ ಎಳೆತ. ನಡುವೆ ಕಾಲುದಾರಿ ಬಿತ್ತು.

"ಏನ್ರೀ ಮಾಡಿದ್ರಿ!" ಅಂದ ತಮ್ಮ.

"ಇಲ್ಲಿ ಕುಂತೋರಿಗೆಲ್ಲ ಕೈ ಹಂಗೇ ಹೋಗ್ತೈತೆ ಸಾಮಿ. ಈಗ ಉಳಿದಿದ್ದೂ ತೆಗೆಯಾಣ, ತಲೆ ಬಗ್ಸ್ರಿ."

ಮಾವನ ತಲೆ ಬೋಳಾಗುವವರೆಗೂ ಮಗ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ತಾನೇ ತೊಡೆ ಹತ್ತಿ ಕೂತ, ಹನಿ ಕಣ್ಣೀರಿಲ್ಲ. ಕಣ್ಣೊರೆಸಿಕೊಂಡವನು ಮಾವ.

ಹೊಸದುರ್ಗದ ಉಪ್ಪಿಟ್ಟು

ತಮ್ಮ ಭಾನುವಾರ ಬರುವುದಿಲ್ಲವೆಂದು ಹಟ ಹಿಡಿದ. ಹಿಂದೆ ಎರಡು ಸಂಬಂಧ ತಪ್ಪಿದ್ದವು, ಹೆದರಿದ್ದ. ನನಗೂ ಒಳಗೊಳಗೇ ಭಯ. ಆದರೂ ಟೋಪಿ ಹಾಕಿಸಿ ಕರೆದುಕೊಂಡು ಹೋದೆ, ಮಕ್ಕಳೂ ಜೊತೆಗೆ.

ಹುಡುಗಿಯ ತಂದೆ, "ಬರ್ರಿ, ಕುಂತ್ಕಳ್ರಿ," ಎಂದು ಉಪಚಾರ ಮಾಡಿದರು. ಉಪ್ಪಿಟ್ಟು ಬಂತು. ತಮ್ಮ ಒಂದು ತುತ್ತು ತಿಂದು ಪಕ್ಕಕ್ಕಿಟ್ಟ. ಹುಡುಗಿ ಕಾಫಿ ತಂದಳು, ಮೊಣಕಾಲಿನವರೆಗೆ ಜಡೆ. ಅಷ್ಟರಲ್ಲಿ ನನ್ನ ಮಗ ಸೋಫಾ ಹತ್ತಿ ಮಾವನ ಟೋಪಿ ಕಿತ್ತ.

"ನೋಡ್ರಿ! ನಂದೂ ಮಾವಂದೂ ಒಂದೇ!"

ನಾನು ತಡವರಿಸುತ್ತಾ ಗುಡಿಯ ಕಥೆಯನ್ನೆಲ್ಲ ಹೇಳಿದೆ. ತಮ್ಮ ನೆಲ ನೋಡುತ್ತಿದ್ದ. ಮಗ ಹುಡುಗಿಯ ಜಡೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಈ ಅಕ್ಕಂದು ಯಾವಾಗ ಬೋಳ್ಸೋದು?"

ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ಹುಡುಗಿಯ ಕೈಲಿದ್ದ ತಟ್ಟೆಯ ಲೋಟಗಳು ಗಲಗಲ ಅಂದವು. ನಡುಗುತ್ತಿದ್ದಾಳೆಂದುಕೊಂಡೆ, ನೋಡಿದರೆ ನಗುತ್ತಿದ್ದಳು.

"ನಂದು ಇರ್ಲಿ ಬಿಡಪ್ಪ," ಅಂದಳು ನನ್ನ ಮಗನಿಗೆ. "ಮದ್ವೆ ಫೋಟೋದಾಗೆ ಒಬ್ರಿಗಾದ್ರೂ ಕೂದ್ಲು ಬೇಕಲ್ಲ!"

ನನ್ನ ತಮ್ಮ ಉಪ್ಪಿಟ್ಟು ಮುಗಿಸಿ, ಇನ್ನೊಂದು ಸಲ ಹಾಕಿಸಿಕೊಂಡ.